ಹೊಸ ಉಪ್ಪುನೀರಿನ ಅಕ್ವೇರಿಯಂನಲ್ಲಿ ಪಾಚಿ ಕಾಟ: ಪದೇ ಪದೇ ಕೇಳುವ ಪ್ರಶ್ನೆಗಳು

ಉಪ್ಪುನೀರಿನ ಟ್ಯಾಂಕ್ ಹೊಸದಾಗಿ ಇಟ್ಟವರು ಮೊದಲ ಆರೇಳು ತಿಂಗಳಲ್ಲಿ ಕೇಳುವ ಪ್ರಶ್ನೆಗಳು ಇವು. ಲೆಕ್ಕ ಕೊಡುವ ಕಡೆಯೆಲ್ಲ 200 ಲೀಟರಿನ ಟ್ಯಾಂಕ್ ಎಂದಿಟ್ಟುಕೊಂಡಿದ್ದೇವೆ. ಕಲ್ಲು, ಮರಳು ಜಾಗ ಹಿಡಿದ ಮೇಲೆ ಅದರಲ್ಲಿ ಉಳಿಯುವ ನೀರು ಸುಮಾರು 180 ಲೀಟರ್. ಔಷಧಿ, ಗೊಬ್ಬರದ ಪ್ರಮಾಣ ಹಾಕುವಾಗ ಈ ಎರಡನೆಯ ಸಂಖ್ಯೆಯನ್ನೇ ಹಿಡಿಯಬೇಕು.

## ಮೊದಮೊದಲು

ಟ್ಯಾಂಕ್ ಇಟ್ಟು ಮೂರು ವಾರ ಆಯ್ತು, ಮರಳೆಲ್ಲ ಕಂದು ಬಣ್ಣಕ್ಕೆ ತಿರುಗಿದೆ. ಏನಾದ್ರೂ ತಪ್ಪು ಮಾಡಿದ್ನಾ?

ಇಲ್ಲ. ಅದು ಡಯಾಟಮ್ ಎಂಬ ಸೂಕ್ಷ್ಮ ಪಾಚಿ. ಕಂದು ಪುಡಿ ಉದುರಿಸಿದ ಹಾಗೆ ಮರಳು, ಗಾಜು, ಕಲ್ಲಿನ ಮೇಲೆ ಕೂರುತ್ತದೆ. ಬೆರಳಿನಿಂದ ಒರೆಸಿದರೆ ಹೋಗುತ್ತದೆ, ಮರುದಿನ ಮತ್ತೆ ಬರುತ್ತದೆ. ಈ ಜೀವಿಗಳ ಹೊರಕವಚ ಸಿಲಿಕಾದಿಂದ ಆದದ್ದು. ಹೊಸ ಮರಳು, ಹೊಸ ಕಲ್ಲು, ಸರಿಯಾಗಿ ಶುದ್ಧವಾಗದ ನೀರು ಮೂರರಿಂದಲೂ ಸಿಲಿಕೇಟ್ ಸಿಗುವುದರಿಂದ ಮೊದಲು ತಲೆ ಎತ್ತುವುದು ಇವೇ. ಸಿಕ್ಕ ಸಿಲಿಕೇಟ್ ಮುಗಿದಂತೆ ಎರಡರಿಂದ ನಾಲ್ಕು ವಾರದಲ್ಲಿ ತಾವಾಗಿ ಕಡಿಮೆಯಾಗುತ್ತವೆ. ಗಾಜನ್ನು ಅಕ್ವೇರಿಯಂ ಒರೆಸುವ ಮ್ಯಾಗ್ನೆಟ್‌ನಿಂದ ಒರೆಸಿಕೊಳ್ಳಿ, ಮರಳನ್ನು ಸುಮ್ಮನೆ ಬಿಡಿ. ಔಷಧಿ ಯಾವುದೂ ಬೇಡ. ಎರಡು ತಿಂಗಳು ಕಳೆದರೂ ಹೋಗದಿದ್ದರೆ ಮಾತ್ರ ನೀವು ಹಾಕುತ್ತಿರುವ ನೀರನ್ನು ಅನುಮಾನಿಸಿ.

ಪಾಚಿ ಬರದೇ ಇರೋ ಹಾಗೆ ಮೊದಲೇ ಏನಾದ್ರೂ ಮಾಡಬಹುದಾ?

ಪೂರ್ತಿ ತಡೆಯಲಾಗದು, ಆದರೆ ಅರ್ಧಕ್ಕಿಂತ ಹೆಚ್ಚು ಕಾಟ ತಪ್ಪಿಸಬಹುದು. ಹೊಸ ಟ್ಯಾಂಕಿನ ಕಲ್ಲು ಬಿತ್ತದೆ ಬಿಟ್ಟ ಹೊಲದ ಹಾಗೆ. ಬೆಳೆ ನಿಲ್ಲುವವರೆಗೆ ಕಳೆ ಬಂದೇ ಬರುತ್ತದೆ. ಅಲ್ಲಿ ಬ್ಯಾಕ್ಟೀರಿಯಾ, ಕೊರಲೈನ್ ಎಂಬ ಗಟ್ಟಿ ನೇರಳೆ ಪಾಚಿ, ಸಣ್ಣ ಹುಳುಗಳು ನೆಲೆಯಾಗಲು ಸಮಯ ಬೇಕು. ಆ ಸಮಯದಲ್ಲಿ ಬೆಳಕು ಇಲ್ಲದಂತೆ ನೋಡಿಕೊಂಡರೆ ಬ್ಯಾಕ್ಟೀರಿಯಾ ಮುಂದಾಗುತ್ತವೆ, ಪಾಚಿ ಹಿಂದುಳಿಯುತ್ತದೆ.

ಕ್ರಮ ಹೀಗಿದೆ. ಉಪ್ಪುನೀರು, ಕಲ್ಲು, ಮರಳು ಹಾಕಿ ಪಂಪ್ ಓಡಿಸಿ. ಬಾಟಲಿ ಬ್ಯಾಕ್ಟೀರಿಯಾ ಹಾಕಿ, ಅದಕ್ಕೆ ಆಹಾರವಾಗಿ ಅಮೋನಿಯಂ ಕ್ಲೋರೈಡ್‌ನಿಂದ ಅಮೋನಿಯಾವನ್ನು 2 ಪಿಪಿಎಂಗೆ (ಲೀಟರಿಗೆ 2 ಮಿಲಿಗ್ರಾಂ) ತನ್ನಿ. ಬ್ಯಾಕ್ಟೀರಿಯಾ ಇದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಲೈಟ್ ಹಾಕಲೇಬೇಡಿ, ಕಿಟಕಿಯ ಬೆಳಕು ಬೀಳುತ್ತಿದ್ದರೆ ಟ್ಯಾಂಕಿಗೆ ದಪ್ಪ ಬಟ್ಟೆ ಹೊದಿಸಿ. ನಾಲ್ಕರಿಂದ ಆರು ವಾರದಲ್ಲಿ ಹಾಕಿದ 2 ಪಿಪಿಎಂ ಅಮೋನಿಯಾ 24 ಗಂಟೆಯೊಳಗೆ ಸೊನ್ನೆಯಾಗಿ, ನೈಟ್ರೈಟ್ ಕೂಡ ಸೊನ್ನೆಗೆ ಬರಬೇಕು. ಆಮೇಲೆ ನೈಟ್ರೇಟ್ 10 ಪಿಪಿಎಂ ಆಸುಪಾಸಿಗೆ ಇಳಿಯುವಷ್ಟು ನೀರು ಬದಲಾಯಿಸಿ ಮೊದಲ ಮೀನು ಬಿಡಿ. ಖಾಲಿ ಟ್ಯಾಂಕಿಗೆ ಲೈಟ್ ಹಾಕಿ ನೋಡುವ ಆಸೆ ಎಲ್ಲರಿಗೂ ಇರುತ್ತದೆ. ಮುಂದಿನ ಆರು ತಿಂಗಳ ಗಾಜು ತಿಕ್ಕುವ ಕೆಲಸ ಆರಂಭವಾಗುವುದು ಬಹುತೇಕ ಅಲ್ಲಿಂದಲೇ.

ಇದೆಲ್ಲ ಯಾವಾಗ ನಿಲ್ಲುತ್ತೆ?

ಒಣ ಕಲ್ಲಿನಿಂದ (ಜೀವಿಗಳು ಇನ್ನೂ ನೆಲೆಯಾಗದ ಕಲ್ಲು) ಆರಂಭಿಸಿದ ಟ್ಯಾಂಕಿಗೆ ಆರು ತಿಂಗಳಿಂದ ಒಂದು ವರ್ಷ. ಕಂದು ಡಯಾಟಮ್, ಗಾಜಿನ ಹಸಿರು ಪೊರೆ, ಹಸಿರು ಕೂದಲು, ಕೆಂಪು ಲೋಳೆ ಸಾಮಾನ್ಯವಾಗಿ ಒಂದರ ಹಿಂದೆ ಒಂದು ಬರುತ್ತವೆ. ಎಲ್ಲರಿಗೂ ಎಲ್ಲವೂ ಬರಬೇಕೆಂದಿಲ್ಲ.

ಕಲ್ಲಿನ ಮೇಲೆ ನೇರಳೆ, ಗುಲಾಬಿ ಚುಕ್ಕೆ ಬರ್ತಿದೆ. ಅದನ್ನೂ ಉಜ್ಜಿ ತೆಗೀಬೇಕಾ?

ಬೇಡ. ಅದು ಕೊರಲೈನ್ ಪಾಚಿ. ಸುಣ್ಣದಂತೆ ಗಟ್ಟಿಯಾಗಿ ಕಲ್ಲಿಗೆ ಅಂಟಿಕೊಂಡು, ಬೇರೆ ಪಾಚಿಗೆ ಜಾಗ ಬಿಡದೆ ಹರಡುತ್ತದೆ. ಕ್ಯಾಲ್ಸಿಯಂ 400ರಿಂದ 450 ಪಿಪಿಎಂ, ಆಲ್ಕಲಿನಿಟಿ (ನೀರಿನ ಕಾರ್ಬೊನೇಟ್ ಅಂಶ) ಡಿಕೆಎಚ್ ಎಂಬ ಅಳತೆಯಲ್ಲಿ 8ರಿಂದ 9, ಮೆಗ್ನೀಷಿಯಂ 1250ರಿಂದ 1350 ಪಿಪಿಎಂ ಇದ್ದರೆ ಚೆನ್ನಾಗಿ ಬೆಳೆಯುತ್ತದೆ. ನೋಡುವ ಮುಂಭಾಗದ ಗಾಜಿನಿಂದ ಮಾತ್ರ ಕೆರೆದು ತೆಗೆಯಿರಿ.

## ನೀರು, ಬೆಳಕು, ಆಹಾರ

ಮನೆಯಲ್ಲಿ ಕುಡಿಯೋಕೆ ಇರೋ ಆರ್‌ಓ ನೀರನ್ನೇ ಹಾಕ್ತಿದ್ದೀನಿ. ಸಾಲದಾ?

ಹೆಚ್ಚಿನ ಮನೆಗಳಲ್ಲಿ ಸಾಲದು. ಕುಡಿಯುವ ಆರ್‌ಓ ಯಂತ್ರದಲ್ಲಿ ಮೆಂಬ್ರೇನ್ (ನೀರು ಸೋಸುವ ಪೊರೆ) ಆದ ಮೇಲೆ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಪ್ರಮಾಣ) ಅಡ್ಜಸ್ಟರ್ ಎಂಬ ಸಣ್ಣ ತಿರುಪು ಇರುತ್ತದೆ. ರುಚಿಗಾಗಿ ಅದು ಸ್ವಲ್ಪ ಕಚ್ಚಾ ನೀರನ್ನು ಮತ್ತೆ ಬೆರೆಸುತ್ತದೆ. ಕೆಲವದರಲ್ಲಿ ಮಿನರಲ್ ಕಾರ್ಟ್ರಿಜ್ ಕೂಡ ಇದೆ. ಹಾಗಾಗಿ ನಲ್ಲಿಯಲ್ಲಿ ಬರುವ ನೀರಿನ ಟಿಡಿಎಸ್ ನೂರರ ಆಸುಪಾಸು ಇರುವುದು ಸಾಮಾನ್ಯ. ಭಾರತದ ಕುಡಿಯುವ ನೀರಿನ ಮಾನದಂಡ ಐಎಸ್ 10500 ಪ್ರಕಾರ ಲೀಟರಿಗೆ 45 ಮಿಲಿಗ್ರಾಂವರೆಗೆ ನೈಟ್ರೇಟ್ ಇರಬಹುದು. ನಾವು ಟ್ಯಾಂಕಿನಲ್ಲಿ ಇಟ್ಟುಕೊಳ್ಳಲು ನೋಡುವುದು 5ರಿಂದ 10. ಕುಡಿಯಲು ಒಳ್ಳೆಯದಾದ ನೀರು ಟ್ಯಾಂಕಿಗೆ ಒಳ್ಳೆಯದಾಗಿಯೇ ಇರುತ್ತದೆ ಎನ್ನಲಾಗದು.

ಆವಿಯಾದ ಜಾಗಕ್ಕೆ ತುಂಬುವ ನೀರು ಇದಕ್ಕಿಂತ ದೊಡ್ಡ ಸಮಸ್ಯೆ. ದಿನಕ್ಕೆ 2 ಲೀಟರ್ ಆವಿಯಾಗುವ ಟ್ಯಾಂಕಿಗೆ 150 ಟಿಡಿಎಸ್ ನೀರು ತುಂಬಿಸಿದರೆ ತಿಂಗಳಿಗೆ ಸುಮಾರು 9 ಗ್ರಾಂ ಲವಣ ಒಳಗೆ ಸೇರುತ್ತದೆ. ಆವಿಯಾಗುವುದು ನೀರು ಮಾತ್ರ. ಸಿಲಿಕೇಟ್, ಫಾಸ್ಫೇಟ್ ಅಲ್ಲೇ ಉಳಿದು ತಿಂಗಳಿಂದ ತಿಂಗಳಿಗೆ ಕೂಡುತ್ತಾ ಹೋಗುತ್ತವೆ.

ಪರಿಹಾರ ದುಬಾರಿಯಲ್ಲ. ಮೆಂಬ್ರೇನ್‌ನಿಂದ ಹೊರಬರುವ ಪೈಪಿಗೆ, ಅಡ್ಜಸ್ಟರ್‌ಗಿಂತ ಮೊದಲೇ ಒಂದು ಟೀ (ಮೂರು ಬಾಯಿಯ ಪೈಪ್ ಜೋಡಣೆ) ಜೋಡಿಸಿ ಅಲ್ಲಿಂದ ನೀರು ತೆಗೆಯಿರಿ. ಅದನ್ನು ಉಳಿದ ಲವಣ ಹೀರುವ ಮಿಕ್ಸೆಡ್ ಬೆಡ್ ಡಿಐ ರೆಸಿನ್ ತುಂಬಿದ ಕಾರ್ಟ್ರಿಜ್ ಮೂಲಕ ಹಾಯಿಸಿ, ಟಿಡಿಎಸ್ ಮೀಟರ್ 0 ತೋರಿಸಬೇಕು. ಬೋರ್‌ವೆಲ್ ನೀರು 800 ಟಿಡಿಎಸ್ ಇದ್ದರೆ ಒಳ್ಳೆಯ ಮೆಂಬ್ರೇನ್ ಅದನ್ನು 40ಕ್ಕೆ ಇಳಿಸಬಹುದು, ಉಳಿದದ್ದು ರೆಸಿನ್ ಪಾಲಿಗೆ. ಅಂಥ ಕಡೆ ರೆಸಿನ್ ಬೇಗ ಮುಗಿಯುತ್ತದೆ. ಮುಗಿಯುತ್ತಾ ಬಂದ ರೆಸಿನ್ ಮೊದಲು ಬಿಟ್ಟುಕೊಡುವುದು ಸಿಲಿಕೇಟನ್ನು, ಅದನ್ನು ಟಿಡಿಎಸ್ ಮೀಟರ್ ತೋರಿಸುವುದೇ ಇಲ್ಲ. ಆದ್ದರಿಂದ ಮೀಟರ್ 1 ತೋರಿಸಿದ ದಿನವೇ ರೆಸಿನ್ ಬದಲಿಸಿ. ನಗರದ ನಲ್ಲಿ ನೀರಾದರೆ ಕ್ಲೋರಿನ್ ಮೆಂಬ್ರೇನನ್ನು ಹಾಳುಮಾಡುತ್ತದೆ; ಕಾರ್ಬನ್ ಫಿಲ್ಟರನ್ನು ಹೊತ್ತಿಗೆ ಸರಿಯಾಗಿ ಬದಲಾಯಿಸಿ.

ಮಲ್ಪೆ, ಪಣಂಬೂರು ಕಡೆಯಿಂದ ಸಮುದ್ರದ ನೀರನ್ನೇ ಕ್ಯಾನ್‌ನಲ್ಲಿ ತಂದ್ರೆ ಆಗಲ್ವಾ?

ನಾವು ಬೇಡ ಎನ್ನುತ್ತೇವೆ. ಮಲ್ಪೆಯದು ಮೀನುಗಾರಿಕಾ ಬಂದರು, ಪಣಂಬೂರಿನ ಮಗ್ಗುಲಲ್ಲೇ ದೊಡ್ಡ ಬಂದರು ಇದೆ. ದಡದ ನೀರಿನಲ್ಲಿ ಕೆಸರು, ಡೀಸೆಲ್, ಮೀನಿನ ತ್ಯಾಜ್ಯ ಇರುತ್ತದೆ, ಅದರ ಜೊತೆ ಬೇಕಾದಷ್ಟು ಪೋಷಕಾಂಶ. ಮಳೆಗಾಲದಲ್ಲಿ ನೇತ್ರಾವತಿ, ಸ್ವರ್ಣಾ ನದಿಗಳ ನೀರು ಸೇರಿ ಕರಾವಳಿಯ ಲವಣಾಂಶ ಇಳಿಯುತ್ತದೆ. ದಡದ ಮರಳಿಗೂ ಇದೇ ಮಾತು. ಅದರಲ್ಲಿ ಬಹುಪಾಲು ಸಿಲಿಕಾ. ಟ್ಯಾಂಕಿಗೆ ಬೇಕಿರುವುದು ಕ್ಯಾಲ್ಸಿಯಂ ಕಾರ್ಬೊನೇಟಿನ ಅರಗೊನೈಟ್ ಮರಳು.

ಲೈಟ್ ದಿನಕ್ಕೆ ಎಷ್ಟು ಹೊತ್ತು ಹಾಕಬೇಕು?

ಹವಳ ಇಲ್ಲದಿದ್ದರೆ ಮೀನಿಗೆ ಕೋಣೆಯ ಬೆಳಕೇ ಸಾಕು. ಮೀನು ನೋಡಲು ಸಂಜೆ ಮೂರ್ನಾಲ್ಕು ಗಂಟೆ ಹಾಕಿಕೊಳ್ಳಿ. ಮೆದು ಹವಳ ಬಂದ ಮೇಲೆ ಆರು ಗಂಟೆ, ಶೇ 30ರ ತೀವ್ರತೆಯಲ್ಲಿ ಆರಂಭಿಸಿ ವಾರಕ್ಕೆ ಶೇ 5ರಂತೆ ಏರಿಸಿ, ಹೊತ್ತು ದಿನಕ್ಕೆ ಎಂಟು ಗಂಟೆ ಮೀರದಿರಲಿ. ನೀಲಿ ಮುಖ್ಯವಾಗಿರಲಿ, ಬಿಳಿ ಕಡಿಮೆ ಇರಲಿ, ಕೆಂಪು ಮತ್ತು ಹಸಿರು ಚಾನೆಲ್‌ಗಳನ್ನು ಬಹುತೇಕ ಇಳಿಸಿಬಿಡಿ. ಟೈಮರ್ ಹಾಕಿದರೆ ದಿನದಿನದ ಲೆಕ್ಕ ತಪ್ಪುವುದಿಲ್ಲ. ಪಶ್ಚಿಮದ ಕಿಟಕಿಯಿಂದ ಮಧ್ಯಾಹ್ನದ ಬಿಸಿಲು ನೇರ ಬೀಳುವ ಜಾಗದಲ್ಲಿ ಟ್ಯಾಂಕ್ ಇದ್ದರೆ ಎಲ್ಲಕ್ಕಿಂತ ಮೊದಲು ಆ ಪರದೆ ಎಳೆಯಿರಿ.

ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆ ಅಂತ ತೋರಿಸುತ್ತೆ, ಆದರೂ ಪಾಚಿ ತುಂಬಿದೆ. ಟೆಸ್ಟ್ ಕಿಟ್ ಸುಳ್ಳು ಹೇಳ್ತಿದೆಯಾ?

ಕಿಟ್ ನೀರಿನಲ್ಲಿ ಉಳಿದದ್ದನ್ನಷ್ಟೇ ಅಳೆಯುತ್ತದೆ. ಪಾಚಿ ತಿಂದು ಮೈಗೂಡಿಸಿಕೊಂಡದ್ದು ಅದರ ಲೆಕ್ಕಕ್ಕೆ ಬರುವುದಿಲ್ಲ. ಕೂದಲಿನಂಥ ಹಸಿರು ಪಾಚಿ ಟ್ಯಾಂಕ್ ತುಂಬ ಇದ್ದು ಕಿಟ್ ಸೊನ್ನೆ ತೋರಿಸಿದರೆ, ಪೋಷಕಾಂಶ ಬಂದ ಬಂದಂತೆ ಪಾಚಿ ಖರ್ಚುಮಾಡುತ್ತಿದೆ ಎಂದರ್ಥ. ಆಗ ಇನ್ನೂ ಕಡಿಮೆ ಮಾಡಲು ಹೋಗದೆ ಪಾಚಿಯನ್ನು ಕೈಯಿಂದ ಕಿತ್ತು ಹೊರಹಾಕಬೇಕು.

ನಾವು ಹಿಡಿಯುವ ಗುರಿ ನೈಟ್ರೇಟ್ 5ರಿಂದ 10 ಪಿಪಿಎಂ, ಫಾಸ್ಫೇಟ್ 0.03ರಿಂದ 0.1 ಪಿಪಿಎಂ. ಎರಡನ್ನೂ ಸೊನ್ನೆಗೆ ತಂದರೆ ಹವಳ ಬಿಳಿಚಿಕೊಳ್ಳುತ್ತದೆ. ಡೈನೋಫ್ಲಾಜೆಲೇಟ್ (ಚಿಕ್ಕದಾಗಿ ಡೈನೋ) ಎಂಬ ಏಕಕೋಶ ಜೀವಿ ಬರುವುದೂ ಹೆಚ್ಚಾಗಿ ಅಂಥ ಟ್ಯಾಂಕಿಗೇ. ಹೊಸಬರ ಟ್ಯಾಂಕಿನಲ್ಲಿ ಪಾಚಿಗಿಂತ ಹೆಚ್ಚು ಹಾನಿ ಮಾಡುವುದು ಈ ಸೊನ್ನೆಯ ಬೆನ್ನುಹತ್ತುವ ಹಟ.

ಡಿಜಿಟಲ್ ಮೀಟರ್ ಕೊಳ್ಳುವವರಿಗೆ ಒಂದು ಎಚ್ಚರಿಕೆ: ಕೆಲವು ಮೀಟರ್‌ಗಳು ಫಾಸ್ಫೇಟ್ ಬದಲು ಫಾಸ್ಫರಸ್ ಅನ್ನು ಪಿಪಿಬಿಯಲ್ಲಿ (ಪಿಪಿಎಂನ ಸಾವಿರದ ಒಂದು ಭಾಗ) ತೋರಿಸುತ್ತವೆ. ಅದನ್ನು 3.07ರಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ಪಿಪಿಎಂ ಫಾಸ್ಫೇಟ್ ಸಿಗುತ್ತದೆ. ಮೀಟರಿನಲ್ಲಿ 10 ಎಂದರೆ 0.03.

ಮೀನಿಗೆ ಎಷ್ಟು ಹಾಕಬೇಕು? ಊಟ ಕಡಿಮೆ ಮಾಡಿದ್ರೆ ಪಾಚಿ ಹೋಗುತ್ತಾ?

ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು, ದಿನಕ್ಕೆ ಒಂದೆರಡು ಸಲ. ಮೀನನ್ನು ಉಪವಾಸ ಕೆಡವಿ ಪಾಚಿ ಗೆಲ್ಲಲಾಗದು. ಮೀನು ತಿನ್ನದೆ ಕಲ್ಲಿನ ಸಂದಿ ಸೇರುವ ಆಹಾರವನ್ನು ತಡೆಯಿರಿ. ಫ್ರೋಜನ್ ಕ್ಯೂಬನ್ನು ಒಂದು ಲೋಟ ಆರ್‌ಓ ನೀರಿನಲ್ಲಿ ಕರಗಿಸಿ, ಟೀ ಸೋಸುವ ಜರಡಿಯಲ್ಲಿ ಸೋಸಿ, ಆ ನೀರು ಚೆಲ್ಲಿ, ಉಳಿದದ್ದನ್ನು ಹಾಕಿ.

ನೀರು ಬದಲಾಯಿಸೋದು ವಾರಕ್ಕೊಮ್ಮೆ ಸಾಕಾ? ಹೇಗೆ ಮಾಡಿದ್ರೆ ಸರಿ?

ವಾರಕ್ಕೆ ಶೇ 15, ಅಂದರೆ 30 ಲೀಟರ್. ಇದಕ್ಕೆ ಸುಮಾರು 1.1 ಕೆ.ಜಿ. ಸಾಲ್ಟ್ ಮಿಕ್ಸ್ ಹಿಡಿಯುತ್ತದೆ. ಮೊದಲು ನೀರು, ಅದಕ್ಕೆ ಉಪ್ಪು. ಉಪ್ಪಿನ ಮೇಲೆ ನೀರು ಸುರಿದರೆ ಕ್ಯಾಲ್ಸಿಯಂ ಗಸಿಯಾಗಿ ತಳ ಹಿಡಿಯುತ್ತದೆ. ಸಣ್ಣ ಪಂಪಿನಿಂದ ಕೆಲವು ಗಂಟೆ ಕಲಕಿ, ಲವಣಾಂಶ 35 ಪಿಪಿಟಿ (ಕೆ.ಜಿ. ನೀರಿಗೆ 35 ಗ್ರಾಂ) ಬಂದಿದೆಯೇ ನೋಡಿ, ಟ್ಯಾಂಕಿನ ಉಷ್ಣತೆಗೆ ಬಂದ ಮೇಲೆ ಹಾಕಿ. ಲವಣಾಂಶ ಅಳೆಯುವ ರಿಫ್ರಾಕ್ಟೋಮೀಟರನ್ನು ಬರೀ ನೀರಿನಲ್ಲಿ ಸೊನ್ನೆಗೆ ಹೊಂದಿಸಿದರೆ ಸಾಲದು. 35 ಪಿಪಿಟಿಯ ದ್ರಾವಣ ಸಿಗುತ್ತದೆ, ಅದರಲ್ಲಿ ಹೊಂದಿಸಿ.

ನೀರು ತೆಗೆಯುವ ಅರ್ಧ ಗಂಟೆ ಮೊದಲು ದೊಡ್ಡ ಸಿರಿಂಜಿನಿಂದ ಕಲ್ಲಿನ ಸಂದಿಗಳಿಗೆಲ್ಲ ರಭಸವಾಗಿ ನೀರು ಊದಿ. ಕಂದು ಕಸದ ಮೋಡ ಏಳುತ್ತದೆ, ಒಂದಷ್ಟು ಫಿಲ್ಟರ್ ಬಟ್ಟೆಗೆ ಸಿಗುತ್ತದೆ, ಉಳಿದದ್ದನ್ನು ಸೈಫನ್‌ನಿಂದ ಎಳೆಯಿರಿ. ಆ ಬಟ್ಟೆಯನ್ನು ಮೂರು ದಿನಕ್ಕೊಮ್ಮೆ ತೊಳೆಯದಿದ್ದರೆ ಹಿಡಿದ ಕಸ ಅಲ್ಲೇ ಕೊಳೆತು ನೈಟ್ರೇಟ್ ಆಗುತ್ತದೆ.

ಬೇಸಿಗೆಯಲ್ಲಿ ಪಾಚಿ ಜಾಸ್ತಿ ಆಗುತ್ತೆ. ಯಾಕೆ?

ನೀರು 29, 30 ಡಿಗ್ರಿ ದಾಟಿದರೆ ಕೆಂಪು ಲೋಳೆ, ಡೈನೋ ಎರಡೂ ಚುರುಕಾಗುತ್ತವೆ. ನೀರಿನಲ್ಲಿ ಆಮ್ಲಜನಕವೂ ಇಳಿಯುತ್ತದೆ. 25ರಿಂದ 27 ಡಿಗ್ರಿ ಇಟ್ಟುಕೊಳ್ಳಿ. ನೀರಿನ ಮೇಲೆ ಸಣ್ಣ ಫ್ಯಾನ್ ಬಿಟ್ಟರೆ ಎರಡು ಮೂರು ಡಿಗ್ರಿ ಇಳಿಯುತ್ತದೆ, ಆದರೆ ಆವಿಯಾಗುವ ನೀರು ಹೆಚ್ಚುತ್ತದೆ, ಅಷ್ಟೂ ಡಿಐ ನೀರಿನಿಂದಲೇ ತುಂಬಬೇಕು. ಮಂಗಳೂರಿನಂಥ ಸೆಕೆಯ ಊರಿನಲ್ಲಿ ಫ್ಯಾನ್ ಹೆಚ್ಚು ಕೆಲಸ ಮಾಡದು, ನೀರು ತಣಿಸುವ ಚಿಲ್ಲರ್ ಬೇಕಾಗುತ್ತದೆ. ಕರೆಂಟ್ ಹೋಗುವ ಕಡೆ ಬ್ಯಾಟರಿಯ ಏರ್ ಪಂಪ್ ಇರಲಿ.

## ಯಾವ ಪಾಚಿ, ಹೇಗೆ ಗುರುತಿಸುವುದು

ಕಂದು ಬಣ್ಣದ್ದು ಡಯಾಟಮ್ಮೋ ಡೈನೋನೋ, ಹೇಗೆ ಗೊತ್ತಾಗುತ್ತೆ?

ಡಯಾಟಮ್ ಪುಡಿಯಂತೆ ಇರುತ್ತದೆ. ಡೈನೋ ಸಿಂಬಳದಂತೆ, ಎಳೆಎಳೆಯಾಗಿ, ಎಳೆಯ ತುದಿಗೆ ಗಾಳಿಗುಳ್ಳೆ ಕಟ್ಟಿಕೊಂಡು ಇರುತ್ತದೆ. ಸಂಜೆ ಹೊತ್ತಿಗೆ ದಟ್ಟವಾಗಿದ್ದು ಬೆಳಗ್ಗೆ ಲೈಟ್ ಬರುವ ಮೊದಲು ಬಹುತೇಕ ಮಾಯವಾಗಿರುತ್ತದೆ. ಬಸವನಹುಳಗಳು ಕಾರಣವಿಲ್ಲದೆ ಸಾಯತೊಡಗಿದರೆ ಅನುಮಾನ ಇನ್ನೂ ಗಟ್ಟಿ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಇದೆ. ಎಳೆಗಳನ್ನು ಸಿರಿಂಜಿನಲ್ಲಿ ಎಳೆದು ಟ್ಯಾಂಕಿನದೇ ನೀರಿರುವ ಸಣ್ಣ ಪಾರದರ್ಶಕ ಬಾಟಲಿಗೆ ಹಾಕಿ. ಎಳೆ ಪೂರ್ತಿ ಬಿಡಿಸಿಹೋಗುವ ತನಕ ಜೋರಾಗಿ ಕುಲುಕಿ. ಕಾಫಿ ಫಿಲ್ಟರ್ ಕಾಗದ ಅಥವಾ ದಪ್ಪ ಟಿಶ್ಯೂ ಮೂಲಕ ಇನ್ನೊಂದು ಬಾಟಲಿಗೆ ಸೋಸಿ, ಅದನ್ನು ಲೈಟ್ ಕೆಳಗೆ ಒಂದು ಗಂಟೆ ಅಲುಗಾಡಿಸದೆ ಇಡಿ. ಸೋಸಿದ ನೀರು ಮೊದಲು ತಿಳಿಯಾಗಿ ಕಾಣುತ್ತದೆ. ಡೈನೋ ಆಗಿದ್ದರೆ ಒಂಟಿ ಕೋಶಗಳು ಕಾಗದ ದಾಟಿ ಬಂದಿರುತ್ತವೆ, ಅವು ಮತ್ತೆ ಒಟ್ಟುಗೂಡಿ ಕಂದು ಎಳೆ ಹೆಣೆಯುತ್ತವೆ. ಏನೂ ಕೂಡದೆ ಉಳಿದರೆ ಡೈನೋ ಆಗಿರುವ ಸಾಧ್ಯತೆ ಕಡಿಮೆ.

ಖಾತ್ರಿಗೆ 400 ಪಟ್ಟು ತೋರಿಸುವ ಶಾಲಾ ಮೈಕ್ರೋಸ್ಕೋಪ್ ಸಾಕು. ನೀರಿನ ಹನಿಯಂಥ ಆಕಾರ, ಒಂದು ತುದಿ ಕಟ್ಟಿಹಾಕಿದ ಹಾಗೆ ನಿಂತಲ್ಲೇ ತಿರುಗುತ್ತಿದ್ದರೆ ಆಸ್ಟ್ರಿಯೋಪ್ಸಿಸ್ ಎಂಬ ಡೈನೋ. ಮೊಟ್ಟೆಯಾಕಾರ, ತುದಿಯಲ್ಲಿ ಸಣ್ಣ ಕೊಕ್ಕು, ಮರಳಿನ ಮೇಲೆ ಜಾರುತ್ತಾ ಸಾಗಿದರೆ ಆಂಫಿಡಿನಿಯಂ ಎಂಬ ಡೈನೋ. ಯಾವುದೆಂದು ತಿಳಿಯದೆ ಚಿಕಿತ್ಸೆಗೆ ಕೈಹಾಕಬೇಡಿ, ಎರಡಕ್ಕೂ ದಾರಿ ಬೇರೆ.

ಕೆಂಪು ಲೋಳೆ ಚಾದರದ ಹಾಗೆ ಮರಳು ಮುಚ್ಚಿದೆ, ಎಳೆದ್ರೆ ಪದರವಾಗಿ ಬರುತ್ತೆ. ಇದೇನು?

ಸಯನೋಬ್ಯಾಕ್ಟೀರಿಯಾ. ಪಾಚಿ ಎಂದು ಕರೆದರೂ ಇದು ಬ್ಯಾಕ್ಟೀರಿಯಾ. ಕೆಂಪು, ಕಡುಗೆಂಪು, ಕೆಲವೊಮ್ಮೆ ನೀಲಿಹಸಿರು. ಹೊರತೆಗೆದರೆ ಮುಗ್ಗಲು ವಾಸನೆ. ನೀರು ಓಡದ ಮೂಲೆಯಲ್ಲಿ, ಕೊಳೆತ ಕಸದ ಮೇಲೆ, ಫಾಸ್ಫೇಟ್ ಇದ್ದು ನೈಟ್ರೇಟ್ ಸೊನ್ನೆಗೆ ಬಿದ್ದಾಗ ಹೆಚ್ಚು.

ಏರ್ ಪಂಪಿನ ಸಣ್ಣ ಟ್ಯೂಬನ್ನೇ ಸೈಫನ್ ಮಾಡಿಕೊಂಡು ಪದರದ ಅಂಚಿನಿಂದ ಎಳೆಯಿರಿ, ಹೆಚ್ಚು ಮರಳು ಬರದೆ ಪದರವಷ್ಟೇ ಬರುತ್ತದೆ. ಎರಡು ದಿನಕ್ಕೊಮ್ಮೆ ಹೀಗೆ ಮಾಡಿ. ನೀರು ಓಡಿಸುವ ಪಂಪ್ ಆದ ವೇವ್‌ಮೇಕರನ್ನು ಆ ಮೂಲೆಯ ಕಡೆ ತಿರುಗಿಸಿ. 200 ಲೀಟರಿಗೆ ಎಲ್ಲ ಪಂಪ್ ಸೇರಿ ಗಂಟೆಗೆ 4000 ಲೀಟರ್ ಓಟ ಇರಲಿ. ನೈಟ್ರೇಟ್ ಸೊನ್ನೆ ಇದ್ದರೆ 5ಕ್ಕೆ ಏರಿಸಿ (ಹೇಗೆಂದು ಮುಂದೆ ಡೈನೋ ಚಿಕಿತ್ಸೆಯಲ್ಲಿದೆ). ಎರಡು ಮೂರು ವಾರದಲ್ಲಿ ಬಗ್ಗುತ್ತದೆ. ಎರಿಥ್ರೋಮೈಸಿನ್‌ನಂಥ ಆ್ಯಂಟಿಬಯೋಟಿಕ್ ಹಾಕಿದರೆ ಎರಡು ದಿನದಲ್ಲಿ ಮಾಯವಾಗುವುದು ನಿಜ, ಆದರೆ ಕಾರಣ ಅಲ್ಲೇ ಉಳಿದಿರುವುದರಿಂದ ಮತ್ತೆ ಬರುತ್ತದೆ. ಸತ್ತ ಪದರ ಕೊಳೆಯುವಾಗ ಆಮ್ಲಜನಕ ಇಳಿದು ಮೀನು ಸಾಯುವುದೂ ಉಂಟು. ಹೊಸ ಟ್ಯಾಂಕಿಗೆ ನಾವು ಇದನ್ನು ಹೇಳುವುದಿಲ್ಲ.

ಕಲ್ಲಿನ ಮೇಲೆ ಹಸಿರು ಕೂದಲು ಬೆಳೆದಿದೆ. ಕಿತ್ತಷ್ಟೂ ಬರುತ್ತೆ.

ಕಿತ್ತದ್ದು ಟ್ಯಾಂಕಿನೊಳಗೇ ಉದುರಿದರೆ ಒಂದೊಂದು ತುಂಡೂ ಮತ್ತೊಂದು ಕಡೆ ಬೇರೂರುತ್ತದೆ. ಸೈಫನ್ ಪೈಪಿನ ತುದಿಗೆ ಗಟ್ಟಿ ಎಳೆಯ ಹಲ್ಲುಜ್ಜುವ ಬ್ರಷ್ ಕಟ್ಟಿ. ಉಜ್ಜಿದ್ದು ಉಜ್ಜಿದ ಹಾಗೇ ಪೈಪಿಗೆ ಹೋಗಬೇಕು. ತೆಗೆಯಲು ಬರುವ ಕಲ್ಲನ್ನು ಟ್ಯಾಂಕಿನ ನೀರು ತುಂಬಿದ ಬಕೆಟ್‌ನಲ್ಲಿಟ್ಟು ಉಜ್ಜಿ. ಹಟಮಾರಿ ಜಾಗಕ್ಕೆ ಕಲ್ಲು ಹೊರಗಿರುವಾಗಲೇ ಶೇ 3ರ ಹೈಡ್ರೋಜನ್ ಪೆರಾಕ್ಸೈಡ್ ಸವರಿ, ಐದು ನಿಮಿಷ ಬಿಟ್ಟು, ಬೇರೆ ಉಪ್ಪುನೀರಿನಲ್ಲಿ ತೊಳೆದು ವಾಪಸಿಡಿ. ನಮ್ಮ ಔಷಧಿ ಅಂಗಡಿಗಳಲ್ಲಿ ಸಿಗುವ ಬಾಟಲಿ ಸಾಮಾನ್ಯವಾಗಿ 20 ವಾಲ್ಯೂಮ್, ಅಂದರೆ ಶೇ 6. ಅಷ್ಟೇ ಆರ್‌ಓ ನೀರು ಬೆರೆಸಿದರೆ ಶೇ 3. ಸೀಗಡಿ, ಹವಳದ ಮೇಲೆ ಇದು ಬೀಳಬಾರದು.

ಹೀಗೆ ವಾರಕ್ಕೊಮ್ಮೆ ಉಜ್ಜಿ ಕುಗ್ಗಿಸಿದ ಮೇಲಷ್ಟೇ ಬಸವನಹುಳ ಬಿಡಿ. ಅವು ಒಂದು ಅಂಗುಲದ ಕೂದಲನ್ನು ಮುಟ್ಟುವುದಿಲ್ಲ, ಚಿಗುರನ್ನಷ್ಟೇ ಮೇಯುತ್ತವೆ.

ಬಸವನಹುಳ, ಏಡಿ ಎಷ್ಟು ಬಿಡಬೇಕು? ಅಂಗಡಿಯವರು ಮೂವತ್ತು ಬಿಡಿ ಅಂತಾರೆ.

ಮೂವತ್ತು ಬಿಟ್ಟರೆ ಒಂದು ತಿಂಗಳಲ್ಲಿ ಪಾಚಿ ಮುಗಿದು ಅರ್ಧ ಹಸಿದು ಸಾಯುತ್ತವೆ, ಸತ್ತದ್ದು ಕೊಳೆತು ಮತ್ತೆ ಪಾಚಿಗೆ ಗೊಬ್ಬರ. ಆರರಿಂದ ಎಂಟರಲ್ಲಿ ಆರಂಭಿಸಿ, ಗಾಜು ಕಲ್ಲು ನೋಡಿಕೊಂಡು ತಿಂಗಳಿಗೆ ನಾಲ್ಕರಂತೆ ಸೇರಿಸಿ. ಬಸವನಹುಳಗಳಲ್ಲಿ ಸೆರಿತ್ ಮರಳು, ಗಾಜು ಎರಡರಲ್ಲೂ ಮೇಯುತ್ತದೆ. ನಾಸೇರಿಯಸ್ ಪಾಚಿ ತಿನ್ನುವುದಿಲ್ಲ, ಉಳಿದ ಆಹಾರ ತಿಂದು ಮರಳು ಕಲಕುತ್ತದೆ. ಮೆಕ್ಸಿಕನ್ ಟರ್ಬೊ ಕೂದಲು ಪಾಚಿಗೆ ಚೆನ್ನ, ಆದರೆ ಸ್ವಲ್ಪ ತಣ್ಣೀರಿನ ಜೀವಿ, ನಮ್ಮ ಏಪ್ರಿಲ್ ಸೆಕೆಯಲ್ಲಿ ಬಾಳುವುದು ಕಷ್ಟ. ಮೈತುಂಬ ಮುಳ್ಳಿರುವ ಕಡಲಜೀವಿ ಟಕ್ಸೀಡೊ ಅರ್ಚಿನ್ ಒಂದೇ ಸಾಕು. ಹವಳದ ತುಂಡುಗಳನ್ನು ಅಂಟಿಸಿರಬೇಕು, ಇಲ್ಲದಿದ್ದರೆ ಬೆನ್ನ ಮೇಲೆ ಹೊತ್ತು ತಿರುಗುತ್ತದೆ. ಇವೆಲ್ಲಕ್ಕೂ ಲವಣಾಂಶದ ಏರುಪೇರು ಆಗಿಬರದು. ಚೀಲದ ನೀರಿಗೆ ಟ್ಯಾಂಕ್ ನೀರನ್ನು ಹನಿಹನಿಯಾಗಿ ಒಂದೂವರೆ ಗಂಟೆ ಬಿಟ್ಟು ಒಗ್ಗಿಸಿ.

ಬಸವನಹುಳ, ಕಲ್ಲನ್ನು ನಾವೇ ಕಡಲಿಂದ ತಂದುಕೊಳ್ಳಬಹುದಾ?

ಬೇಡ. ನಮ್ಮ ಕಡಲಿನ ಗಟ್ಟಿ ಹವಳಗಳು, ಸಮುದ್ರಕುದುರೆಗಳು, ಸಮುದ್ರಸೌತೆಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಟ್ರೋಕಸ್ ನಿಲೋಟಿಕಸ್, ಟರ್ಬೊ ಮಾರ್ಮೊರೇಟಸ್ ಎಂಬ ಬಸವನಹುಳಗಳೂ ಆ ಪಟ್ಟಿಯಲ್ಲಿವೆ. ಮುರುಡೇಶ್ವರದ ಎದುರಿನ ನೇತ್ರಾಣಿಯಂಥ ಕಡೆ ಉಳಿದಿರುವ ಹವಳ ಹಾಗೇ ಇರಬೇಕು. ಟ್ಯಾಂಕಿಗೆ ಮನುಷ್ಯರೇ ತಯಾರಿಸಿದ ಒಣ ಕಲ್ಲು ಸಾಕು. ಅಂಗಡಿಯಲ್ಲಿ ಕೊಳ್ಳುವಾಗ ಜಾತಿಯ ಹೆಸರು, ಎಲ್ಲಿಂದ ಬಂತು ಎಂದು ಕೇಳಿ ಕೊಳ್ಳಿ.

## ಹಟ ಹಿಡಿದವು

ಡೈನೋ ಎಂದು ಖಾತ್ರಿಯಾಯ್ತು. ಈಗ ಏನು ಮಾಡಲಿ?

ಮೊದಲು ನೀರು ಬದಲಾಯಿಸುವುದನ್ನು ನಿಲ್ಲಿಸಿ. ಬದಲಾಯಿಸಿದ ಮರುದಿನ ಡೈನೋ ಹೆಚ್ಚುವುದನ್ನು ನೀವೇ ನೋಡಿರುತ್ತೀರಿ. ಫಾಸ್ಫೇಟ್ ಹೀರುವ ಜಿಎಫ್‌ಓ ತೆಗೆಯಿರಿ. ಡೈನೋದ ವಿಷ ಹೀರಿಕೊಳ್ಳಲು ಕಾರ್ಬನ್ ಇರಲಿ. ಆಮೇಲೆ ಪೋಷಕಾಂಶ ಏರಿಸಿ: ನೈಟ್ರೇಟ್ 10, ಫಾಸ್ಫೇಟ್ 0.1 ಆಸುಪಾಸು.

13.7 ಗ್ರಾಂ ಸೋಡಿಯಂ ನೈಟ್ರೇಟನ್ನು ಒಂದು ಲೀಟರ್ ಡಿಐ ನೀರಿನಲ್ಲಿ ಕರಗಿಸಿ. ಇದರ 18 ಮಿ.ಲೀ. ನಿಮ್ಮ 180 ಲೀಟರಿನ ನೈಟ್ರೇಟನ್ನು 1 ಪಿಪಿಎಂ ಏರಿಸುತ್ತದೆ. ಫಾಸ್ಫೇಟಿಗೆ ಹನ್ನೆರಡು ನೀರಿನ ಅಣುಗಳಿರುವ ಟ್ರೈಸೋಡಿಯಂ ಫಾಸ್ಫೇಟ್, ಲೀಟರಿಗೆ 4 ಗ್ರಾಂ, ಅದರ 1.8 ಮಿ.ಲೀ.ಗೆ 0.01 ಪಿಪಿಎಂ ಏರುತ್ತದೆ. ಪ್ರಯೋಗಾಲಯ ದರ್ಜೆಯದನ್ನೇ ಕೊಳ್ಳಿ, ದಿನವೂ ಅಳೆದು ಹಾಕಿ. ಕಲ್ಲು ಫಾಸ್ಫೇಟನ್ನು ಹೀರಿಕೊಳ್ಳುವುದರಿಂದ ಮೊದಲ ವಾರ ಹಾಕಿದ್ದು ಎಲ್ಲಿ ಹೋಯಿತೆಂದೇ ತಿಳಿಯುವುದಿಲ್ಲ.

ಆಸ್ಟ್ರಿಯೋಪ್ಸಿಸ್ ಆಗಿದ್ದರೆ ರಾತ್ರಿ ನೀರಿಗೆ ಇಳಿಯುತ್ತದೆ, ಆದ್ದರಿಂದ ಯುವಿ (ಹಾಯುವ ನೀರಿನ ಜೀವಿಗಳನ್ನು ಕೊಲ್ಲುವ ನೇರಳಾತೀತ ದೀಪ) ಚೆನ್ನಾಗಿ ಕೆಲಸ ಮಾಡುತ್ತದೆ. 15ರಿಂದ 20 ವ್ಯಾಟಿನದು, ಗಂಟೆಗೆ 200ರಿಂದ 600 ಲೀಟರ್ ಮಾತ್ರ ಹಾಯುವಂತೆ. ಸಂಪ್‌ಗೆ (ಟ್ಯಾಂಕಿಗೆ ಜೋಡಿಸಿದ ಫಿಲ್ಟರ್ ತೊಟ್ಟಿ) ಜೋಡಿಸದೆ ಟ್ಯಾಂಕಿನಿಂದಲೇ ನೀರು ಎಳೆದು ಟ್ಯಾಂಕಿಗೇ ಬಿಡಿ. ಮೂರು ದಿನ ಲೈಟ್ ಆರಿಸಿ ಟ್ಯಾಂಕ್ ಮುಚ್ಚಿದರೆ ಇನ್ನೂ ಒಳ್ಳೆಯದು. ಆ ದಿನಗಳಲ್ಲಿ ಏರ್ ಸ್ಟೋನ್ ಓಡುತ್ತಿರಲಿ. ದೊಡ್ಡ ಕೋಶದ ಆಂಫಿಡಿನಿಯಂ ಮರಳು ಬಿಟ್ಟು ಮೇಲೇಳುವುದಿಲ್ಲ, ಅದಕ್ಕೆ ಯುವಿ ದಂಡ. ಸಿಲಿಕೇಟ್ ಹಾಕಿ ಡಯಾಟಮ್ ಬೆಳೆಸಿ ಅದರ ಜಾಗ ಕಸಿಯುವಂತೆ ಮಾಡುವ ದಾರಿಯೊಂದಿದೆ. ತಿಂಗಳುಗಟ್ಟಲೆ ಹಿಡಿಯಬಹುದು. ಕೈ ಹಾಕುವಾಗ ಗ್ಲೋವ್ಸ್ ಇರಲಿ, ಆಸ್ಟ್ರಿಯೋಪ್ಸಿಸ್‌ನ ವಿಷ ಮನುಷ್ಯರಿಗೂ ಒಳ್ಳೆಯದಲ್ಲ.

ಕೂದಲಲ್ಲ, ಗರಿಯ ಹಾಗಿದೆ. ಯಾವ ಹುಳವೂ ಮುಟ್ಟಲ್ಲ.

ಒಂದು ಎಳೆ ಕಿತ್ತು ನೀರಿನಲ್ಲೇ ಭೂತಗನ್ನಡಿ ಹಿಡಿದು ನೋಡಿ. ನಡುವೆ ದಂಟು, ಎರಡೂ ಕಡೆ ಸಾಲಾಗಿ ಹೊರಟ ಗರಿ ಇದ್ದರೆ ಬ್ರಯೋಪ್ಸಿಸ್. ಇದಕ್ಕೆ ಫ್ಲೂಕೊನಜೋಲ್ ಕೆಲಸ ಮಾಡುತ್ತದೆ. ಲೀಟರಿಗೆ 5 ಮಿ.ಗ್ರಾಂ, 180 ಲೀಟರಿಗೆ 900, ಅಂದರೆ 150 ಮಿ.ಗ್ರಾಂನ ಆರು ಮಾತ್ರೆ. ವೈದ್ಯರ ಚೀಟಿ ಇಲ್ಲದೆ ಮಾರಬಾರದ ಔಷಧಿ ಇದು. ಅಕ್ವೇರಿಯಂಗೆಂದೇ ಬರುವ ರೂಪ ಸಿಕ್ಕರೆ ಅದೇ ಒಳ್ಳೆಯದು. ಕಾರ್ಬನ್ ತೆಗೆದು, ಯುವಿ ಆರಿಸಿ, ಪುಡಿ ಮಾಡಿ ನೀರು ರಭಸವಾಗಿ ಓಡುವ ಕಡೆ ಹಾಕಿ. ಮೊದಲ ವಾರ ಏನೂ ಆಗದಂತೆ ಕಾಣುತ್ತದೆ, ಎರಡನೆಯ ವಾರ ಬಣ್ಣ ಬಿಳಿಚುತ್ತದೆ. 14ರಿಂದ 21 ದಿನಕ್ಕೆ ಶೇ 25ರಷ್ಟು ನೀರು ಬದಲಾಯಿಸಿ ಕಾರ್ಬನ್ ಹಾಕಿ. ಹಾಕುವ ಮೊದಲು ಕೈಗೆ ಬಂದಷ್ಟನ್ನು ಕಿತ್ತುಬಿಡಿ. ಒಂದೇ ಸಲ ಸತ್ತು ಕೊಳೆತರೆ ನೈಟ್ರೇಟ್ ಏರುತ್ತದೆ.

ಹಸಿರು ಮುತ್ತಿನಂಥ ಗುಳ್ಳೆಗಳು ಬಂದಿವೆ.

ವಲೋನಿಯಾ. ಟ್ಯಾಂಕಿನೊಳಗೆ ಒಡೆಯದೆ ಕಲ್ಲು ಹೊರತೆಗೆದು ಬುಡಸಮೇತ ಎಬ್ಬಿಸಿ. ಎಮರಾಲ್ಡ್ ಏಡಿ ಒಂದೋ ಎರಡೋ ಇದ್ದರೆ ಸಣ್ಣವನ್ನು ತಿನ್ನುತ್ತದೆ, ಹಸಿದರೆ ಹವಳಕ್ಕೂ ಬಾಯಿ ಹಾಕುತ್ತದೆ.

ಫಾಸ್ಫೇಟ್ ಎಷ್ಟು ಇಳಿಸಿದ್ರೂ ಎರಡೇ ದಿನಕ್ಕೆ ಮತ್ತೆ ಏರುತ್ತೆ. ಎಲ್ಲಿಂದ ಬರ್ತಿದೆ?

ಕಲ್ಲಿನಿಂದ. ಒಣ ಕಲ್ಲು ತನ್ನೊಳಗೆ ಫಾಸ್ಫೇಟ್ ಹಿಡಿದಿಟ್ಟುಕೊಂಡಿರುತ್ತದೆ, ನೀರಿನಲ್ಲಿ ಇಳಿದಂತೆಲ್ಲ ಬಿಟ್ಟುಕೊಡುತ್ತದೆ. ಜಿಎಫ್‌ಓ ಬಳಸಿ, ಆದರೆ ಪೊಟ್ಟಣದಲ್ಲಿ ಹೇಳಿದ್ದರ ಅರ್ಧದಿಂದ ಆರಂಭಿಸಿ, ಕೆಂಪು ಪುಡಿ ಹೋಗುವ ತನಕ ಡಿಐ ನೀರಿನಲ್ಲಿ ತೊಳೆದು. ಎರಡು ದಿನಕ್ಕೊಮ್ಮೆ ಅಳೆಯಿರಿ. 0.3ರಿಂದ 0.05ಕ್ಕೆ ಬರಲು ಒಂದು ತಿಂಗಳು ತೆಗೆದುಕೊಂಡರೆ ಅದೇ ಸರಿಯಾದ ವೇಗ, ಒಂದೇ ವಾರದಲ್ಲಿ ಇಳಿಸಿದರೆ ಹವಳದ ಮಾಂಸ ಕಳಚುತ್ತದೆ. ಕಲ್ಲು ಇನ್ನೂ ಟ್ಯಾಂಕಿಗೆ ಹಾಕಿಲ್ಲದಿದ್ದರೆ ಮುಚ್ಚಿದ ಡ್ರಮ್ಮಿನಲ್ಲಿ, ಕತ್ತಲಲ್ಲಿ, ಪಂಪ್ ಓಡಿಸುತ್ತಾ ಉಪ್ಪುನೀರಿನಲ್ಲಿ ನೆನೆಸಿ, ಫಾಸ್ಫೇಟ್ ಏರುವುದು ನಿಂತ ಮೇಲೆ ಬಳಸಿ.

ಸಂಪ್‌ನಲ್ಲಿ ಕೀಟೋ ಬೆಳೆಸಿದ್ರೆ ಪಾಚಿ ಕಡಿಮೆ ಆಗುತ್ತಾ?

ಆಗುತ್ತದೆ, ಕೊಯ್ದು ಹೊರಹಾಕುತ್ತಿದ್ದರೆ. ಕೀಟೋ, ಅಂದರೆ ಕೀಟೋಮಾರ್ಫ ಎಂಬ ಪಾಚಿ, ತಂತಿಯ ಉಂಡೆಯಂತೆ ಬೆಳೆದು ನೈಟ್ರೇಟ್, ಫಾಸ್ಫೇಟ್ ಹೀರುತ್ತದೆ. ಸಂಪ್‌ನ ಲೈಟನ್ನು ರಾತ್ರಿ ಹೊತ್ತು ಹಾಕಿದರೆ ಪಿಎಚ್ ಕುಸಿಯುವುದೂ ತಗ್ಗುತ್ತದೆ. ಎರಡು ವಾರಕ್ಕೊಮ್ಮೆ ಮೂರನೇ ಒಂದು ಭಾಗ ತೆಗೆಯಿರಿ. ಪೋಷಕಾಂಶ ಸೊನ್ನೆಯಿರುವ ಹೊಸ ಟ್ಯಾಂಕಿಗೆ ಇದು ಬೇಡ, ಹಸಿದು ಕರಗುತ್ತದೆ. ಕಾಲರ್ಪ ಎಂಬ ಇನ್ನೊಂದು ಪಾಚಿ ಹಾಕಬೇಡಿ, ಒಮ್ಮೊಮ್ಮೆ ಲಿಂಗಾಣುಗಳನ್ನು ಬಿಟ್ಟು ಒಂದೇ ರಾತ್ರಿಯಲ್ಲಿ ಸತ್ತು ನೀರನ್ನು ಹಾಲಿನಂತೆ ಮಾಡುತ್ತದೆ.

ಅಂಗಡಿಯಲ್ಲಿ ಪಾಚಿ ಕೊಲ್ಲೋ ಬಾಟಲಿ ಸಿಗುತ್ತಲ್ಲ, ಅದನ್ನೇ ಹಾಕಿದ್ರೆ?

ಹಿಂಬದಿಯ ಚೀಟಿ ಓದಿ. ಕಾಪರ್ ಎಂದಿದ್ದರೆ ವಾಪಸಿಡಿ. ತಾಮ್ರ ಬಸವನಹುಳ, ಸೀಗಡಿ, ಏಡಿ, ಹವಳ ಎಲ್ಲವನ್ನೂ ಕೊಲ್ಲುತ್ತದೆ, ಕಲ್ಲು ಮರಳಿಗೆ ಅಂಟಿಕೊಂಡು ಆಮೇಲೂ ಸೋರುತ್ತಿರುತ್ತದೆ. ಸಿಹಿನೀರಿನ ಗಿಡಗಳ ಟ್ಯಾಂಕಿಗೆಂದು ಬರುವ ದ್ರಾವಣಗಳೂ ಇಲ್ಲಿಗೆ ಬೇಡ.

ಸಾಕಾಗಿದೆ. ಎಲ್ಲ ತೆಗೆದು ತೊಳೆದು ಮೊದಲಿಂದ ಶುರು ಮಾಡಿದ್ರೆ?

ಹಾಗೆ ಮಾಡಿದರೆ ಕಲ್ಲು ಮತ್ತೆ ಖಾಲಿಯಾಗುತ್ತದೆ, ಡಯಾಟಮ್‌ನಿಂದ ಮತ್ತೆ ಎಲ್ಲ ಆರಂಭ. ಆಂಫಿಡಿನಿಯಂ ಆರು ತಿಂಗಳಾದರೂ ಬಿಡದಿದ್ದರೆ ಮರಳನ್ನಷ್ಟೇ ತೆಗೆಯುವುದನ್ನು ಯೋಚಿಸಬಹುದು. ಅದೂ ಒಂದೇ ದಿನ ಬೇಡ. ವಾರಕ್ಕೊಂದು ಕಾಲು ಭಾಗದಂತೆ, ಆ ಜಾಗದ ಸುತ್ತ ಕಸ ಏಳದ ಹಾಗೆ ದಪ್ಪ ಸೈಫನ್‌ನಿಂದ ಎಳೆದು, ಪ್ರತಿ ಸಲವೂ ಮರುದಿನ ಅಮೋನಿಯಾ ಅಳೆದು, ಸೊನ್ನೆ ಇದ್ದರೆ ಮಾತ್ರ ಮುಂದಿನ ಭಾಗಕ್ಕೆ ಕೈ ಹಾಕಿ. ಕಲ್ಲುಗಳನ್ನು ಮುಟ್ಟಬೇಡಿ.